ಜಗತ್ತಿಗೊಬ್ಬನೇ ಮೈಲೋ

ಮಾರ್ಚ್ 9, ಭಾನುವಾರ

ನನ್ನ ಗಂಡನನ್ನ ನಾನು ಗುರುತು ಹಿಡಿದದ್ದು ಕಿವಿಯಿಂದ. ಮುಖ ಮುಖದ ಥರ ಇರಲೇ ಇಲ್ಲ. ದವಡೆ ಎರಡು ಕಡೆ ಮುರಿದಿದೆ, ಪಕ್ಕೆಲುಬು ಮೂರು, ಬಲಗೈ ಬೆರಳುಗಳನ್ನ ಬೂಟುಗಾಲಲ್ಲಿ ತುಳಿದು ಜಜ್ಜಿದ್ದಾರೆ. ನಮ್ಮೂರು ಶಾಮೋಕಿನ್ನಿನ ಮಾಂಸದಂಗಡಿಯಲ್ಲಿ ಅರ್ಧ ಆಯಸ್ಸು ಹಂದಿ ಕಡಿದವಳು ನಾನು, ರಕ್ತ ನನಗೇನು ಹೊಸದಲ್ಲ. ಆದರೂ ಆಸ್ಪತ್ರೆ ಗೋಡೆ ಹಿಡ್ಕೊಂಡು ನಿಂತ್ಕೊಂಡೆ.

ನಿನ್ನೆ ಪಕ್ಕದೂರಿನ ಫೈರ್ ಹಾಲಿನಲ್ಲಿ, ಅದೇ ಅಗ್ನಿಶಾಮಕದವರ ಸಭಾಭವನದಲ್ಲಿ, ಆಟಗಾರರ ಚಿತ್ರ ಇರೋ ಬೇಸ್‌ಬಾಲ್ ಕಾರ್ಡುಗಳ ಸಂತೆ. ಮಧ್ಯಾಹ್ನ ಅಲ್ಲಿಂದ ಫೋನ್ ಮಾಡಿದ್ದ. "ಸಿಕ್ಕ ಕಣೇ ಅರ್ಲೀನ್! ಮೈಲೋ ಸಿಕ್ಕ!" ನಾನು ಸಾಸೇಜಿಗೆ ಮಾಂಸ ತುಂಬ್ತಾ ಇದ್ದೆ. "ಸಿಕ್ಕಿದ್ರೆ ಮನೆಗೆ ಕರ್ಕೊಂಡು ಬಾ, ಊಟ ಹಾಕ್ತೀನಿ" ಅಂದೆ. ಮೈಲೋ ರುಸ್ನಾಕ್ ಸತ್ತು ಮಣ್ಣಾಗಿ ಎಷ್ಟೋ ಕಾಲವಾಯ್ತು. ಸ್ಕೂಲ್ ತಂಡದಲ್ಲಿ ನನ್ನ ಗಂಡ ಕ್ಲೆಮ್ ಚೆಂಡು ಎಸೆಯೋನು, ಮೈಲೋ ಹಿಂದೆ ಕೂತು ಹಿಡಿಯೋ ಕ್ಯಾಚರ್. ಮುಂದೆ ಮೈಲೋ ದೊಡ್ಡ ಲೀಗಿಗೆ ಹೋಗಿ ಒಂದೇ ಒಂದು ಸೀಸನ್ ಆಡಿದ. ಕ್ಲೆಮ್ ಬಸ್ಸು ರಿಪೇರಿಗೆ ಹೋದ.

ಕಾರ್ಡಿನ ಕಂಪನಿಯವರು ಛಾಪಿಸಿದ ಕಾರ್ಡುಗಳ ನಡುವೆ ಎಲ್ಲೋ ಒಂದು ಪೊಟ್ಟಣದಲ್ಲಿ ಕೈಯಿಂದ ಚಿತ್ರ ಬರೆದ ಕಾರ್ಡು ಸೇರಿಸ್ತಾರೆ. ಅಂಗೈಗಿಂತ ಚಿಕ್ಕದು, ಶಾಯಿಯಲ್ಲಿ ಬರೆದದ್ದು, ಹಿಂದೆ 'ಜಗತ್ತಿಗೊಂದೇ' ಅಂತ ಅಚ್ಚು. ಮೈಲೋನದ್ದು ಅಂಥದ್ದು ಒಂದಿದೆ ಅಂತ ಗೊತ್ತಾದಾಗಿಂದ ಕ್ಲೆಮ್ ಸಂತೆ ಸಂತೆ ಅಲೆದ. ನಾನು ಬೈದೆ, ನಕ್ಕೆ. ನಿನ್ನೆ ಅದರ ಫೋಟೋ ನನ್ನ ಫೋನಿಗೆ ಕಳಿಸಿದ್ದಾನೆ. ಒಂದು ಗಂಟೆ ಆದಮೇಲೆ ಫೈರ್ ಹಾಲಿನ ಹಿಂದೆ ಕಾರುಗಳ ನಡುವೆ ಯಾರೋ ಇಬ್ಬರು ಅವನನ್ನ ಕೆಡವಿ ಪರ್ಸು, ಕಾರ್ಡಿನ ಕಪ್ಪು ಪೆಟ್ಟಿಗೆ ಎರಡನ್ನೂ ಹೊತ್ಕೊಂಡು ಹೋದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ. ಈಗ ಬಾಯಿಗೇ ತಂತಿ ಹಾಕಿ ಬಿಗಿದಿದ್ದಾರೆ.

ಮಾರ್ಚ್ 13

ಕ್ಲೆಮ್ ಎಡಗೈಯಲ್ಲಿ ಬಳಪ ಹಿಡಿದು ಸ್ಲೇಟಿನಲ್ಲಿ ಬರೆದ: ಏನೂ ನೆನಪಿಲ್ಲ. ಆ ದಿನವೇ ತಲೆಯಿಂದ ಅಳಿಸಿಹೋಗಿದೆಯಂತೆ, ಡಾಕ್ಟರು ಹಾಗೆ ಆಗುತ್ತೆ ಅಂದರು. ಫೋನಿನ ಫೋಟೋ ತೋರಿಸಿದೆ. ಮೈಲೋ ಮಂಡಿಯೂರಿ ಕೂತಿದ್ದಾನೆ, ಮುಖದ ಜಾಲರಿ ತಲೆ ಮೇಲೆ, ಗದ್ದದ ಮೇಲೆ ಗಾಯದ ಗೆರೆ, ಎಡಗಾಲಿನ ರಕ್ಷೆಯ ಪಟ್ಟಿ ಬಿಚ್ಚಿ ಜೋತಾಡ್ತಿದೆ. ಆ ಗಾಯ ಕ್ಲೆಮ್ ಎಸೆದ ಚೆಂಡಿನದ್ದು. ನೋಡಿ ಅವನ ಕಣ್ಣಲ್ಲಿ ನೀರು ಬಂತು, ಅಳೋಕೂ ಆಗದೆ ಮೂಗಿನಲ್ಲೇ ಒದ್ದಾಡಿದ.

"ತಂದುಕೊಡ್ತೀನಿ ಕಣೋ" ಅಂದೆ. "ಆಣೆ. ಆ ಕಾರ್ಡು ನಿನ್ನ ಕೈಗೆ ವಾಪಸ್ ಬರದಿದ್ರೆ ನನ್ನ ಹೆಸರು ಅರ್ಲೀನ್ ಹುಡಾಕ್ ಅಲ್ಲ."

ಫೈರ್ ಹಾಲಿನ ಹತ್ರವೇ ನಿಂತಿದ್ದ ಅವನ ಟ್ರಕ್ಕನ್ನ ನಾನೇ ಮನೆಗೆ ಓಡಿಸ್ಕೊಂಡು ಬಂದೆ. ಗಂಡಸರ ಟ್ರಕ್ಕು, ಕೊಳಕು.

ಮಾರ್ಚ್ 16

ಇವತ್ತು ಬೇರೆ ಊರಿನ ಸಂತೆಗೆ ಹೋದೆ. ನಾಚಿಕೆ ಆಯ್ತು, ಚಿಕ್ಕ ಮಕ್ಕಳಾಟದ ಹಾಗೆ ಮುದುಕರು ಬಗ್ಗಿ ಬಗ್ಗಿ ನೋಡ್ತಾ ಇರ್ತಾರೆ. ಒಂದೊಂದು ಮೇಜಿಗೂ ಫೋನ್ ಹಿಡಿದು "ಇದನ್ನ ಯಾರಾದರೂ ಮಾರೋಕೆ ತಂದಿದ್ರಾ?" ಅಂತ ಕೇಳಿದೆ, ನನ್ನ ಹೆಸರು ನಂಬರು ಕೊಟ್ಟೆ. ಎಲ್ಲರೂ ತಲೆ ಅಲ್ಲಾಡಿಸಿದರು. ಹಾರ್ಲನ್ ಅಂತ ಒಬ್ಬ ದಪ್ಪ ವ್ಯಾಪಾರಿ ಮಾತ್ರ ಕುರ್ಚಿ ಕೊಟ್ಟ.

"ಅಮ್ಮಾ, ಕದ್ದೋನು ಮೇಜಿನ ಮೇಲೆ ಇಡ್ತಾನಾ? ಜಗತ್ತಿಗೊಂದೇ ಕಾರ್ಡು ಅದು, ಎಲ್ಲರಿಗೂ ಗೊತ್ತಾಗುತ್ತೆ. ಬಚ್ಚಿಟ್ಟಿರ್ತಾನೆ."

"ಎಲ್ಲಿ?"

"ನಾವೆಲ್ಲಿ ಇಡ್ತೀವೋ ಅಲ್ಲೇ. ಒಳ್ಳೇ ಕಾರ್ಡನ್ನ ಯಾವೋನೂ ಪೆಟ್ಟಿಗೇಲಿ ಇಡಲ್ಲ. ಕಳ್ಳ ಪೆಟ್ಟಿಗೆ ಕದೀತಾನೆ, ನಿನ್ನ ಊಟ ಕದಿಯಲ್ಲ." ತನ್ನ ಊಟದ ಚೀಲ ತಟ್ಟಿ ಕಣ್ಣು ಹೊಡೆದ.

ಬುದ್ಧಿವಂತ. ಆ ಕಳ್ಳ ಮುಂಡೇಮಗನೂ ಹಾಗೇ ಇಟ್ಟಿರಬೇಕು. ಇನ್ನು ಮೇಲೆ ಮೇಜು ನೋಡಲ್ಲ, ಚೀಲ ನೋಡ್ತೀನಿ.

ಮಾರ್ಚ್ 21

ಈಸ್ಟರ್ ಹತ್ತಿರ ಬಂತು, ಅಂಗಡಿಯಲ್ಲಿ ಸಾಸೇಜಿಗೆ ಸಾಲು. ಒಬ್ಬ "ಎಷ್ಟು ಹೊತ್ತು ಕಾಯಿಸ್ತೀಯೇ" ಅಂತ ಗಾಜು ಕುಟ್ಟಿದ. ಕೆನ್ನೆಗೆ ಬಾರಿಸಿದೆ. ನಾನು ಬಾರಿಸಿದೆನೋ ಕೈ ತಾನೇ ಬಾರಿಸಿತೋ, ಅವನ ಕನ್ನಡಕ ಹೋಗಿ ಉಪ್ಪಿನಕಾಯಿ ಜಾಡಿ ಹಿಂದೆ ಬಿತ್ತು. ಮಾಲೀಕರು ನನ್ನನ್ನ ಕೌಂಟರಿನಿಂದ ತೆಗೆದು ಹಿಂದಿನ ಕೋಣೆಗೆ ಹಾಕಿದ್ದಾರೆ. ಒಳ್ಳೇದೇ ಆಯ್ತು. ಬೆಳಗಿಂದ ಸಂಜೆತನಕ ಸುತ್ತಿಗೆ ಹಿಡಿದು ಮಾಂಸ ಬಡಿದೆ. ಹಲ್ಲುಹಲ್ಲಾಗಿರೋ ಸುತ್ತಿಗೆ, ಹಿಡಿತ ಚೆನ್ನಾಗಿದೆ. ಪ್ರತಿ ಏಟಿಗೂ ಒಂದು ಮುಖ ನೆನೆಸ್ಕೊಂಡೆ, ಆದರೆ ಮುಖ ಯಾವುದು ಅಂತ ಗೊತ್ತಿಲ್ಲವಲ್ಲ.

ಅದೇ ಕಷ್ಟ. ಮುಖ ಗೊತ್ತಿದ್ದಿದ್ದರೆ ಎಂದೋ ಮುಗಿಸಿಬಿಡ್ತಿದ್ದೆ.

ಮಾರ್ಚ್ 24

ಕ್ಲೆಮ್ ಮನೆಗೆ ಬಂದ. ಹೀರುಕೊಳವೆಯಲ್ಲಿ ಬೀಟ್‌ರೂಟ್ ಸಾರು ಕುಡಿಸಿದೆ. ಗದ್ದ ಒರೆಸೋಣ ಅಂತ ಕೈಯೆತ್ತಿದರೆ ಬೆಚ್ಚಿಬಿದ್ದ. ಪಾಪ, ಯಾರ ಕೈ ಕಂಡರೂ ಹೆದರುತ್ತಾನೆ.

ಮಾರ್ಚ್ 30

ನಿನ್ನೆ ಇನ್ನೊಂದು ಸಂತೆ. ಈಗ ಮುಜುಗರ ಇಲ್ಲ. ಯಾವುದು ಛಾಪಿಸಿದ್ದು, ಯಾವುದು ಕೈಯಲ್ಲಿ ಬರೆದ ಚಿತ್ರ, ಯಾವ ಶಾಯಿ ಉಗುರು ತಾಗಿದರೆ ಹರಡುತ್ತೆ, ಎಲ್ಲ ಕಲಿತಿದ್ದೇನೆ. ಕೈಯಲ್ಲಿ ಬರೆದ ಎರಡು ಕಾರ್ಡು ಕೊಂಡುಕೊಂಡೆ, ಯಾರೋ ಗೊತ್ತಿಲ್ಲದ ಆಟಗಾರರು. ಕ್ಲೆಮ್‌ಗೆ ತೋರಿಸೋಕೆ ಮರೆತೆ. ದಿಂಬಿನ ಪಕ್ಕ ಇಟ್ಕೊಂಡು ನೋಡ್ತಾ ಮಲಗಿದೆ.

ಒಬ್ಬ ಮಾರಾಟಗಾರ ಕಕ್ಕಸಿಗೆ ಹೋದಾಗ ಅವನ ಊಟದ ಚೀಲ ಬಿಚ್ಚಿ ನೋಡಿದೆ. ಮೊಟ್ಟೆ, ಬ್ರೆಡ್ಡು. ವಾಪಸ್ ಬಂದು ಹಿಡ್ಕೊಂಡ. "ಏ ಕಳ್ಳಿ!" ಅಂದ. ನನ್ನನ್ನ! ಮೊಣಕೈಯಿಂದ ಎದೆಗೆ ಗುದ್ದಿದೆ, ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಯಾರೂ ಹತ್ತಿರ ಬರಲಿಲ್ಲ. ಜನ ದಾರಿ ಬಿಟ್ಟರು.

ಟ್ರಕ್ಕಿನಲ್ಲಿ ಏನೋ ವಾಸನೆ. ಕಿಟಕಿ ಇಳಿಸ್ಕೊಂಡು ಬಂದೆ.

ಏಪ್ರಿಲ್ 2

ಕ್ಲೆಮ್‌ನ ಅಕ್ಕ ಥೀಡಾ ಬಂದಿದ್ದಳು, ಯಾವಾಗಿನ ಹಾಗೆ ಕರೆಯದೆ.

"ಗಂಡ ಹಾಸಿಗೇಲಿ, ನೀನು ಸಂತೇಲಿ. ಅವನ ಹತ್ರ ಒಂದು ದಿನ ಕೂತ್ಕೊಂಡಿದೀಯಾ?"

"ನಾನು ಯಾರಿಗೋಸ್ಕರ ಅಲೀತಿದೀನಿ?"

"ಅದೇ ನಾನೂ ಕೇಳ್ತಿರೋದು. ಅವನೇನು ಕಾರ್ಡು ಬೇಕು ಅಂದ್ನಾ? ಬರೆದು ತೋರಿಸಿದ್ನಾ?"

"ನಿನಗೆ ಅರ್ಥ ಆಗಲ್ಲ ಬಿಡು."

"ನಿನ್ನ ಕಣ್ಣು ನೋಡ್ಕೋ ಅರ್ಲೀನ್. ನಂಗೇ ಭಯ ಆಗುತ್ತೆ."

ಹೋಗೇ ಹೊರಗೆ ಅಂತ ಬಾಗಿಲ ತನಕ ದಬ್ಬಿದೆ. ಮೆಟ್ಟಿಲಲ್ಲಿ ಅವಳೇ ಕಾಲು ಜಾರಿ ಬಿದ್ದಳು. ಮಣಿಕಟ್ಟು ಊದಿದೆಯಂತೆ. ದೊಡ್ಡ ವಿಷಯ! ಕ್ಲೆಮ್ ಕಿಟಕಿಯಿಂದ ನೋಡ್ತಾ ಇದ್ದ. ಸೂಪು ಬೇಡ ಅಂತ ಕೈ ಆಡಿಸಿದ.

ಏಪ್ರಿಲ್ 5, ಶನಿವಾರ

ಸಿಕ್ಕಿತು. ಸಿಕ್ಕಿತು ಸಿಕ್ಕಿತು ಸಿಕ್ಕಿತು.

ನಡೆದದ್ದನ್ನ ನಡೆದ ಹಾಗೇ ಬರೀಬೇಕು.

ಅದೇ ಫೈರ್ ಹಾಲು, ಕ್ಲೆಮ್ ಬಿದ್ದ ಜಾಗ. ಬಾಗಿಲ ಹತ್ತಿರದ ಮೇಜಿನಲ್ಲಿ ಒಬ್ಬ ಒಣಕಲು ಗಂಡಸು, ಹೆಸರು ಓರಿನ್ ಪೆಕ್ ಅಂತ ಚೀಟಿ ಅಂಟಿಸಿದ್ದ. ಉಗುರೆಲ್ಲ ಕಪ್ಪು, ಕೊಳಕ. ಫೋನಿನ ಫೋಟೋ ತೋರಿಸಿದ ಕೂಡಲೇ ಮುಖ ಅರಳಿತು. "ಓ, ಮೈಲೋ! ಇವನು ಎಲ್ಲಿ ಸಿಕ್ಕ ನಿಮಗೆ?" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. ಬೇರೆ ಯಾವನಿಗೂ ಮೈಲೋ ಹೆಸರೇ ಗೊತ್ತಿರಲಿಲ್ಲ.

"ನಿಮ್ಮ ಹತ್ರ ಇದೆಯಾ?" ಅಂದೆ, ಸಿಹಿಯಾಗಿ.

"ಇದೆ, ಆದರೆ ಮಾರಲ್ಲ. ನೋಡ್ಬೇಕಾದ್ರೆ ಆಮೇಲೆ ವ್ಯಾನಿನ ಹತ್ರ ಬನ್ನಿ, ತೋರಿಸ್ತೀನಿ."

ಕಾದೆ. ಸಂತೆ ಮುಗಿದು ಎಲ್ಲರೂ ಮೇಜು ಮಡಚುವಾಗ ಅವನ ಹಿಂದೆಯೇ ಹೋದೆ. ವ್ಯಾನಿನ ಬಾಗಿಲು ತೆಗೆದ. ಸೀಟಿನ ಮೇಲಿದ್ದ ಊಟದ ಚೀಲಕ್ಕೆ ಕೈ ಹಾಕಿ, ಸೇಬಿನ ಕೆಳಗಿಂದ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ ಕಾರ್ಡು ತೆಗೆದ. ಊಟದ ಚೀಲ! ಅದೇ ಗದ್ದದ ಗಾಯ, ಅದೇ ಜೋತಾಡೋ ಪಟ್ಟಿ, ಅದೇ ಜಾಲರಿ. ಫೋಟೋದಲ್ಲಿ ಟೋಪಿಯ ನೆರಳು ಒಂಚೂರು ಬೇರೆ ಕಡೆ ಇದ್ದ ಹಾಗಿತ್ತು, ಇರಲಿ, ಫೋನಿನ ಫೋಟೋ ಅಷ್ಟೇ.

"ಎಲ್ಲಿಂದ ಬಂತು ಇದು?"

"ನಾನೇ ಬರೆದದ್ದು."

"ಅಬ್ಬಾ! ಜಗತ್ತಿಗೊಂದೇ ಅಲ್ವಾ ಇದು? ಆ ಒಂದನ್ನ ನನ್ನ ಗಂಡ ಕೊಂಡ. ಎರಡನೇದು ಎಲ್ಲಿ ಹುಟ್ಟಿತು?"

"ಅದು ಹಾಗಲ್ಲಮ್ಮ. ಕಂಪನಿಯವರು ಕೊಡೋ ಕೂಲಿ ಎಂಥದ್ದೂ ಇಲ್ಲ, ಅದಕ್ಕೆ ಚಿತ್ರ ಬರೆಯೋ ನಮಗೂ ಒಂದೆರಡು ಖಾಲಿ ಕಾರ್ಡು ಬಿಡ್ತಾರೆ. ಮೈಲೋನ ಫೋಟೋ ನಂಗೆ ತುಂಬ ಹಿಡಿಸಿತ್ತು, ಇನ್ನೊಂದು ಸಲ ಬರೆದೆ. ತಡೀರಿ, ಕಾರ್ಡಿನ ಹಿಂದೆ ಏನಿದೆ ತೋರಿಸ್ತೀನಿ..."

ಅಂತ ಹೇಳ್ತಾ ಹೇಳ್ತಾ ಕಾರ್ಡನ್ನ ನನ್ನ ಕಡೆಯಿಂದ ತಿರುಗಿಸಿದ. ಜೇಬಿಗೆ ಹಾಕ್ಕೊಳ್ತಾನೆ ಅಂತ ಅನ್ನಿಸಿತು. ಕೈಚೀಲದಲ್ಲಿ ಅಂಗಡಿಯ ಸುತ್ತಿಗೆ ಇತ್ತು. ಯಾಕಿತ್ತು ಅಂದರೆ ಇತ್ತು.

ಅವನ ಬಲಗೈ ಮೇಲೆ ಬಿತ್ತು ಮೊದಲನೇ ಏಟು, ವ್ಯಾನಿನ ಬಾಗಿಲಿಗೆ ಒತ್ತಿ. ಕೀಲು ಎಲ್ಲಿದೆ ಅಂತ ನನಗೆ ಗೊತ್ತು. ಎರಡನೇ ಏಟಿಗೆ ಬೆರಳು ಹಿಂದಕ್ಕೆ ಮಡಚಿಕೊಂಡವು. ಕಾರ್ಡು ಕೆಳಗೆ ಬಿತ್ತು, ಅವನೂ ಬಿದ್ದ. "ನನ್ನ ಕೈ, ನನ್ನ ಕೈ, ಅದರಲ್ಲೇ ನಾನು ಬದುಕೋದು" ಅಂತ ಅರಚಿದ. "ನನ್ನ ಗಂಡನಿಗೂ ಕೈ ಇತ್ತು ಕಣೋ" ಅಂದೆ. ಬೂಟಿನಿಂದ ಪಕ್ಕೆಗೆ ಒದ್ದೆ. ಮುರಿಯೋ ಸದ್ದು ಕೇಳಿಸಿತು, ಕಾಲಿಗೂ ಗೊತ್ತಾಯ್ತು. ಅವನು ವಾಂತಿ ಮಾಡ್ಕೊಂಡ, ಅದರಲ್ಲೇ ಉರುಳಿದ. ಕೂದಲು ಹಿಡಿದು ಮುಖ ಎತ್ತಿದೆ. ಸುತ್ತಿಗೆ ಎತ್ತಿದ್ದೆ. ಅವನು ಕಣ್ಣು ಮುಚ್ಕೊಂಡು ಏನೋ ಪ್ರಾರ್ಥನೆ ಹೇಳ್ತಿದ್ದ.

ದವಡೆ ಮಾತ್ರ ಮುಟ್ಟದೆ ಬಿಟ್ಟೆ. ನಾನೇನು ಮೃಗ ಅಲ್ಲ.

ಕಾರ್ಡು ಎತ್ಕೊಂಡೆ, ಅಂಗಿಯಲ್ಲಿ ಒರೆಸಿದೆ. ದೇವರು ದೊಡ್ಡವನು, ಪ್ಲಾಸ್ಟಿಕ್ಕಿಗೆ ಒಂದು ಗೀರೂ ಬಿದ್ದಿಲ್ಲ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಏಪ್ರಿಲ್ 6

ಬೆಳಿಗ್ಗೆ ಕ್ಲೆಮ್‌ನ ಹೊದಿಕೆ ಮೇಲೆ ಕಾರ್ಡು ಇಟ್ಟೆ. "ಇಗೋ ನಿನ್ನ ಮೈಲೋ." ಕಣ್ಣಲ್ಲೇ ನಕ್ಕ, ಎಡಗೈಯಲ್ಲಿ ಸವರಿದ. ಆಮೇಲೆ ತಿರುಗಿಸಿ ಹಿಂದೆ ನೋಡಿದ. ತುಂಬ ಹೊತ್ತು ನೋಡಿದ. ಅಲ್ಲಿದ್ದ ಚಿಕ್ಕ ಅಕ್ಷರದ ಮೇಲೆ ಬೆರಳಿಟ್ಟು ನನಗೆ ತೋರಿಸಿದ. ನನ್ನ ಕನ್ನಡಕ ಅಡುಗೆಮನೆಯಲ್ಲಿತ್ತು. "ಆಮೇಲೆ ಓದ್ತೀನಿ ಬಿಡೋ, ಈಗ ಖುಷಿಪಡು" ಅಂದೆ.

ಅವನು ನನ್ನ ಬೂಟು ನೋಡಿದ. ತೊಳೆಯೋದು ಮರೆತಿದ್ದೆ. ಬಳಪ ತಗೊಂಡು ಬರೆದ: ಯಾರು?

"ಕಳ್ಳ. ಇನ್ನಾರು?"

ಗೋಡೆ ಕಡೆ ತಿರುಗಿ ಮಲಗಿದ, ಬೆನ್ನು ಕುಲುಕ್ತಿತ್ತು. ಸಂತೋಷ ತಡ್ಕೊಳ್ಳೋಕೆ ಆಗಲಿಲ್ಲ ಪಾಪ.

ಏಪ್ರಿಲ್ 12

ಬಿಸಿಲು ಬಂತು. ಟ್ರಕ್ಕಿನ ಬಾಗಿಲು ತೆಗೆದರೆ ಮೂಗು ಬಿಡೋಕಾಗದ ನಾತ. ಇಲಿ ಸತ್ತಿರಬೇಕು ಅಂತ ಸೀಟಿನ ಕೆಳಗೆ ಕೈ ಹಾಕಿದೆ.

ಕ್ಲೆಮ್‌ನ ಊಟದ ಡಬ್ಬಿ. ಆ ಶನಿವಾರ ನಾನೇ ಕಟ್ಟಿಕೊಟ್ಟದ್ದು. ಈರುಳ್ಳಿ, ಸಾಸೇಜು, ಬ್ರೆಡ್ಡು, ಎಲ್ಲ ಹಸಿರು ಬೂಸ್ಟು. ಕೆಳಗೆ ಬೆಣ್ಣೆ ಕಾಗದ, ಅದರೊಳಗೆ ಪ್ಲಾಸ್ಟಿಕ್ಕು, ಅದರೊಳಗೆ ಮೈಲೋ.

ಎರಡನ್ನೂ ಅಡುಗೆಮನೆ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟು ಕನ್ನಡಕ ಹಾಕ್ಕೊಂಡೆ. ಡಬ್ಬಿಯದ್ದರ ಟೋಪಿಯ ನೆರಳು ಎಡಕ್ಕೆ, ಫೋಟೋದಲ್ಲಿದ್ದ ಹಾಗೇ. ಪೆಕ್ ಹತ್ರ ಕಿತ್ಕೊಂಡದ್ದರಲ್ಲಿ ಬಲಕ್ಕೆ. ಡಬ್ಬಿಯದ್ದರ ಹಿಂದೆ 'ಜಗತ್ತಿಗೊಂದೇ' ಅಂತಿದೆ. ಇನ್ನೊಂದರ ಹಿಂದೆ 'ಚಿತ್ರಕಾರನ ಸ್ವಂತ ಪ್ರತಿ' ಅಂತಿದೆ.

ಸಿಂಕಿಗೆ ಓಡಿ ವಾಂತಿ ಮಾಡ್ಕೊಂಡೆ. ಆ ಬೂಸ್ಟು ಹಿಡಿದ ಸಾಸೇಜಿನ ನಾತಕ್ಕೆ.

ಏಪ್ರಿಲ್ 13

ಆ ಪೆಕ್ ಸರಿಯಾಗಿ ಹೇಳಬೇಕಿತ್ತು. ಮೊದಲು ತಿರುಗಿಸಿ ಆಮೇಲೆ ಮಾತಾಡಬೇಕಿತ್ತು.

ಕೈ ಕೂಡಿಕೊಳ್ಳುತ್ತೆ. ಮೂಳೆ ಅಲ್ವಾ.

ಏಪ್ರಿಲ್ 14

ಪೊಲೀಸಿನವನು ಬಂದು ನನ್ನ ಕೈಗೆ ಕೋಳ ಹಾಕಿ ಕರ್ಕೊಂಡು ಹೋದ. ಎಲ್ಲ ಮೇಜಿಗೂ ಹೆಸರು ನಂಬರು ಕೊಟ್ಟವಳು ನಾನೇ ಅಲ್ವಾ. ಪೆಕ್‌ನ ಕಾರ್ಡು ಪೊಲೀಸಿನವನ ಕೈಗೆ ಕೊಟ್ಟೆ. ಆ ಮನುಷ್ಯನ ಬಲಗೈಗೆ ಎರಡು ಸಲ ಆಪರೇಷನ್ ಆಯ್ತು, ಹೆಬ್ಬೆರಳು ಇನ್ನು ಮಡಚೋಕೆ ಬರಲ್ಲವಂತೆ. "ಇನ್ನು ಪೆನ್ಸಿಲ್ ಹಿಡಿಯೋದು ಡೌಟು" ಅಂತ ಪೊಲೀಸಿನವನು ನನ್ನ ಮುಖ ನೋಡಿ ನೋಡಿ ಹೇಳಿದ. ನನ್ನ ಗಂಡನ ದವಡೆ ಬಗ್ಗೆ ಅವನು ಒಂದು ತಿಂಗಳಿಂದ ಏನು ಕಿಸಿದಿದ್ದಾನೆ ಅಂತ ಕೇಳಿದೆ.

ಜಾಮೀನು ಕೊಟ್ಟು ಬಿಡಿಸಿದವಳು ಥೀಡಾ, ಕೈಗೆ ಪಟ್ಟಿ ಕಟ್ಕೊಂಡು. ಕಾರಿನಲ್ಲಿ "ಕ್ಲೆಮ್‌ನ ನಮ್ಮನೆಗೆ ಕರ್ಕೊಂಡು ಹೋಗ್ಲಾ?" ಅಂತ ಮೆತ್ತಗೆ ಕೇಳಿದಳು.

"ಯಾಕೆ? ನಾನಿಲ್ವಾ?"

"ಅದಕ್ಕೇ" ಅಂದಳು. ಅವಳ ಮಾತು ಯಾವತ್ತೂ ಹೀಗೇ, ತಲೆ ಬುಡ ಇಲ್ಲ.

ಏಪ್ರಿಲ್ 17

ಪೆಕ್‌ನ ಮನೆಗೆ ಈಸ್ಟರ್ ಸಾಸೇಜು ಕಳಿಸಿದೆ, ನಾನೇ ಹೊಗೆ ಹಾಕಿದ್ದು. ಜೊತೆಗೆ ಚೀಟಿ: ತಪ್ಪು ತಿಳುವಳಿಕೆ ಆಯ್ತು, ಗುಣವಾಗಲಿ. ಕಟ್ಟು ಬಿಚ್ಚದೆ ವಾಪಸ್ ಬಂತು. ಎಷ್ಟು ಸೊಕ್ಕು! ಮಧ್ಯಾಹ್ನವೆಲ್ಲ ಅತ್ತೆ. ಯಾಕೆ ಅಂತ ಗೊತ್ತಿಲ್ಲ, ಈರುಳ್ಳಿ ಹೆಚ್ಚುವಾಗಲೂ ಅಳದವಳು ನಾನು.

ಏಪ್ರಿಲ್ 19

ನಿಜವಾದ ಕಳ್ಳರು ಸಿಕ್ಕಿದರಂತೆ, ಪೇಪರಿನಲ್ಲಿ ಬಂದಿದೆ! ಪಕ್ಕದ ಜಿಲ್ಲೆಯಲ್ಲಿ, ಕ್ಲೆಮ್‌ನ ಪರ್ಸಿನ ಸಮೇತ. ಇಬ್ಬರು ಅಣ್ಣತಮ್ಮಂದಿರು, ಕಾರ್ಡು ಅಂದರೆ ಏನು ಅಂತಲೂ ಗೊತ್ತಿಲ್ಲವಂತೆ, ಪೆಟ್ಟಿಗೆಯಲ್ಲಿ ಹಣ ಇದೆ ಅಂದ್ಕೊಂಡು ಹೊಡೆದದ್ದಂತೆ. ಪೆಟ್ಟಿಗೆ ಹೊಳೆಗೆ ಎಸೆದರಂತೆ.

ಕ್ಲೆಮ್‌ಗೆ ಓದಿ ಹೇಳಿದೆ. "ಮುಗೀತು" ಅಂತ ಎಡಗೈಯಲ್ಲಿ ಬರೆದ. ಅಡಿಗೆರೆ ಎಳೆದ. ನನ್ನ ಕಡೆ ನೋಡಿ ಮತ್ತೊಂದು ಗೆರೆ ಎಳೆದ.

ಅವನಿಗೇನು ಗೊತ್ತು. ಆ ಇಬ್ಬರನ್ನ ಮಂಗಳವಾರ ಕೋರ್ಟಿಗೆ ತರ್ತಾರಂತೆ. ಕೋರ್ಟಿನ ಹಿಂದಿನ ಬಾಗಿಲ ಹತ್ರ ಇಳಿಸ್ತಾರೆ, ಅಲ್ಲಿ ಬೇಲಿ ಇಲ್ಲ ಏನಿಲ್ಲ. ಈಗ ಮುಖ ಗೊತ್ತಾಗುತ್ತೆ. ಅಂಗಡಿಯ ಸುತ್ತಿಗೆ ಪೊಲೀಸರು ತಗೊಂಡರು, ಮನೆಯಲ್ಲಿ ಕ್ಲೆಮ್‌ನ ಹಳೇ ಬ್ಯಾಟು ಇದೆ. ಬಟ್ಟೆ ಸುತ್ತಿ ಟ್ರಕ್ಕಿನಲ್ಲಿ ಇಟ್ಟಿದ್ದೇನೆ. ಟ್ರಕ್ಕಿನ ನಾತ ಹೋಗಿದೆ, ಚೆನ್ನಾಗಿ ತೊಳೆದೆ.

ಏಪ್ರಿಲ್ 22, ಮಂಗಳವಾರ

ಕೋರ್ಟಿಗೆ ಹೋಗೋಕೆ ಆಗಲಿಲ್ಲ. ಇವತ್ತೇ ಕ್ಲೆಮ್‌ನ ದವಡೆಯ ತಂತಿ ಬಿಚ್ಚೋದು ಅಂತ ಮರೆತೇಹೋಗಿತ್ತು, ಥೀಡಾ ಫೋನ್ ಮಾಡಿ ನೆನಪಿಸಿದಳು. ಆ ಇಬ್ಬರಿಗೆ ಇನ್ನೊಂದು ತಾರೀಕು ಕೊಟ್ಟಿದ್ದಾರೆ. ಇರಲಿ.

ಡಾಕ್ಟರು ಒಂದೊಂದೇ ತಂತಿ ಎಳೆದರು. ಒಸಡಿನಿಂದ ರಕ್ತ ಬಂತು. "ನಿಧಾನವಾಗಿ ಬಾಯಿ ತೆಗೀರಿ" ಅಂದರು. ಬೆರಳಿನಷ್ಟು ತೆರೆಯಿತು, ಎಂಜಲು ಸುರಿಯಿತು. ಆರು ವಾರ ಈ ಬಾಯಿಯಿಂದ ಒಂದು ಮಾತು ಬರಲಿ ಅಂತ ನಾನು ಕಾದದ್ದು ದೇವರಿಗೇ ಗೊತ್ತು. ಮೊದಲು ಮೈಲೋ ಬಗ್ಗೆ ಹೇಳ್ತಾನೆ, ಚೆಂಡು, ಗದ್ದ, ಹಳೇ ಕಥೆ, ಅಂದ್ಕೊಂಡೆ. ಜೇಬಿನಲ್ಲಿ ಕಾರ್ಡು ಇಟ್ಕೊಂಡು ಹೋಗಿದ್ದೆ.

ಎಂಜಲು ಒರೆಸೋಣ ಅಂತ ಕರವಸ್ತ್ರ ತಗೊಂಡು ಕೈ ಎತ್ತಿದೆ. ಕ್ಲೆಮ್ ಕುರ್ಚಿಯಲ್ಲೇ ಹಿಂದಕ್ಕೆ ಒತ್ತಿಕೊಂಡ, ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದ, ಆ ಜಜ್ಜಿದ ಬೆರಳುಗಳನ್ನೂ.

"ಹೊಡೀಬೇಡ" ಅಂದ. "ಹೊಡೀಬೇಡ ಅರ್ಲೀನ್."

ನರ್ಸಮ್ಮ ನನ್ನ ಕೈ ನೋಡಿದಳು. ಕೈಯಲ್ಲಿ ಬರೀ ಕರವಸ್ತ್ರ. ಏಟು ತಿಂದವರಿಗೆ ಆ ದಿನದ ನೆನಪು ಹೀಗೇ ಒಮ್ಮೊಮ್ಮೆ ಮರುಕಳಿಸುತ್ತೆ, ಹೊಡೆದವರೇ ಮುಂದೆ ನಿಂತ ಹಾಗೆ ಕಾಣುತ್ತೆ ಅಂತ ಡಾಕ್ಟರು ಆಚೆ ಕರೆದು ಹೇಳಿದರು. ಇರಬಹುದು. ಕ್ಲೆಮ್ ಥೀಡಾ ಕಾರಿನಲ್ಲಿ ಅವಳ ಮನೆಗೆ ಹೋದ, ಒಂದೆರಡು ದಿನಕ್ಕೆ. ಕಾರ್ಡು ನನ್ನ ಜೇಬಿನಲ್ಲೇ ಉಳೀತು.

ಆದರೆ ಆ ಶನಿವಾರ ಅಲ್ಲಿ ನಾನಿರಲಿಲ್ಲವಲ್ಲ. ನನ್ನ ಹೆಸರು ಯಾಕೆ ಹೇಳಿದ? ನಾಳೆ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು.